ಹುಬ್ಬಳ್ಳಿಯಲ್ಲಿ ಹುಟ್ಟಿದ ಬಾಲ

ನಾನು ಒಂದು ಅಸ್ಥಿಪಂಜರ. ಗಾಬರಿ ಬೇಡ, ಮನುಷ್ಯನದಲ್ಲ. ಗಿಬ್ಬನ್ ಎಂಬ ವಾನರನದು. ವಾನರ ಎಂದ ಕೂಡಲೇ ನಿಮಗೆ ಲಂಕೆ ಸುಟ್ಟವನ ನೆನಪಾಗುತ್ತದೆ, ಬಲ್ಲೆ. ಆ ನೆನಪೇ ನನ್ನ ಬದುಕನ್ನು ಅಡ್ಡದಾರಿ ಹಿಡಿಸಿದ್ದು. ಪ್ರಾಣಿಶಾಸ್ತ್ರದ ಪುಸ್ತಕದ ಪ್ರಕಾರ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ ಎಲ್ಲ ಒಂದೇ ಮನೆತನದವರು. ನೀವೂ ಅದೇ ಮನೆತನ, ಒಪ್ಪಿದರೂ ಬಿಟ್ಟರೂ. ಮಂಗಗಳಿಂದ ನಮ್ಮನ್ನು ಬೇರೆ ಮಾಡುವ ದೊಡ್ಡ ಗುರುತೆಂದರೆ ನಮ್ಮಲ್ಲಿ ಯಾರಿಗೂ ಬಾಲವಿಲ್ಲ. ನನಗೆ ಮಾತ್ರ ಇತ್ತು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಕಾಲೇಜುಗಳಿಗೆ ಪ್ರಯೋಗಶಾಲೆಯ ಸಾಮಾನು ಒದಗಿಸುವ ಸವದತ್ತಿಕರ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅದಕ್ಕೂ ಮುಂಚೆ ಅಸ್ಸಾಮಿನ ಕಡೆಯ ಕಾಡಿನಲ್ಲಿ ಒಮ್ಮೆ ಹುಟ್ಟಿ, ಯಾವುದೋ ಸರ್ಕಸ್ ಕಂಪನಿಯಲ್ಲಿ ಬೆಳೆದು ಸತ್ತೆನಂತೆ. ಅದು ಮಾಂಸ, ಚರ್ಮ ಇದ್ದವನ ಕಥೆ. ಎಲುಬಿಗೆ ಅದೇನೂ ನೆನಪಿಲ್ಲ, ಹೇಳಿದ್ದನ್ನೆಲ್ಲ ನಂಬುವ ಚಟವೂ ನನಗಿಲ್ಲ. ಸರ್ಕಸ್ಸಿನವರು 'ಕರಿ ಮಂಗ್ಯಾ' ಎಂದು ಹೇಳಿ ಕೊಟ್ಟರು, ಸವದತ್ತಿಕರ ಅವರು ಮಂಗ್ಯಾ ಎಂದೇ ತೆಗೆದುಕೊಂಡರು. ದಸ್ತಗೀರ ಎಂಬ ಅವರ ಕೆಲಸಗಾರ ನನ್ನನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಮಾಳಿಗೆಯ ಮೇಲೆ ಒಣಗಿಸಿ, ಒಂದೊಂದೇ ಎಲುಬಿಗೆ ತೂತು ಕೊರೆದು ತಂತಿ ಪೋಣಿಸಿದ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಬೆನ್ನುಮೂಳೆ, ಆಮೇಲೆ ಪಕ್ಕೆಲುಬು, ಅದಾದ ಮೇಲೆ ಕೈಕಾಲು. ತಲೆಬುರುಡೆ ಎಲ್ಲಕ್ಕಿಂತ ಕೊನೆಗೆ. ಅಂದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಉಳಿದದ್ದೆಲ್ಲ ಆಗಿಹೋಗಿತ್ತು. ನನಗೆ ಏನು ಕೂಡಿಸಿದರು, ಏನು ಕಳೆದರು ಎಂದು ನೋಡಲು ನಾನೇ ಇರಲಿಲ್ಲ. ನನ್ನ ಅನುಮಾನದ ಸ್ವಭಾವಕ್ಕೆ ಇದೇ ಮೂಲ. ನಿಮ್ಮನ್ನೂ ಹೀಗೆ ತಲೆ ಕೊನೆಗಿಟ್ಟು ಹೊಲಿದಿದ್ದರೆ ನೀವೂ ಯಾರನ್ನೂ ನಂಬುತ್ತಿರಲಿಲ್ಲ.

ತಲೆ ಕೂತ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಸವದತ್ತಿಕರ ಅವರದು. "ಈಗ ಮಂಗ್ಯಾ ಪೂರ್ತಿ ಆತು ನೋಡು" ಎಂದರು. ಹಾಗಾದರೆ ಮೊದಲು ಏನು ಕಡಿಮೆ ಇತ್ತು? ದಸ್ತಗೀರ ನೆಲದ ಮೇಲಿನ ತಂತಿಯ ತುಂಡು ಗುಡಿಸತೊಡಗಿದ. ನಾನು ನನ್ನನ್ನೇ ನೋಡಿಕೊಂಡೆ. ಕೈಗಳು ಮೊಣಕಾಲಿನ ಕೆಳಗೂ ಇಳಿಯುವಷ್ಟು ಉದ್ದ, ಬಣ್ಣ ತುಸು ಹಳದಿ. ಹಿಂದೆ ಮೈಗಿಂತ ಉದ್ದವಾದ ಬಾಲ, ಕೊಂಕಾಗಿ ಮೇಲೆ ಎದ್ದಿದೆ, ಬಣ್ಣ ಸುಣ್ಣದ ಬಿಳುಪು. ಒಂದೇ ಮೈಯಲ್ಲಿ ಎರಡು ಬಣ್ಣ. ಕುದಿಸುವಾಗ ಹೆಚ್ಚುಕಡಿಮೆ ಆಗಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅನುಮಾನ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ, ನಾಲಗೆ ಅಲ್ಲಿಗೇ ಹೋಗುತ್ತದೆ.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನನ್ನನ್ನು ಧಾರವಾಡದ ಒಂದು ಕಾಲೇಜಿಗೆ ಕಳಿಸಿದರು. ಪೆಟ್ಟಿಗೆ ಬಿಚ್ಚಿದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಲ್ಲಿನಾಥ ಅಂಕಲಗಿ ಎಂಬ ಲೆಕ್ಚರರ್. ಅವರು ನನ್ನನ್ನು ಮೇಜಿನ ಮೇಲೆ ನಿಲ್ಲಿಸುವಷ್ಟರಲ್ಲಿ ಪ್ರಯೋಗಶಾಲೆಯ ಜವಾನ ಸಿದ್ರಾಮ ಬಂದ. ನನ್ನ ಬಾಲ ನೋಡಿದ್ದೇ ತಡ, ಚಪ್ಪಲಿ ಬಾಗಿಲಾಚೆ ಬಿಟ್ಟು ಕೈಮುಗಿದ. "ಹನಮಪ್ಪ ಬಂದಾನ್ರೀ ಸರ್" ಎಂದ. ಸುದ್ದಿ ಕೇಳಿ ಬಂದ ಪ್ರಿನ್ಸಿಪಾಲರೂ ಮಾರುತಿಯ ಭಕ್ತರು. ತೆಂಗಿನಕಾಯಿ ಬಂತು, ಊದಿನಕಡ್ಡಿ ಬಂತು, ನನ್ನ ಬಾಲದ ತುದಿಗೆ ಕುಂಕುಮ ಬಿತ್ತು. ನಾನು ವಿಜ್ಞಾನದ ಕೋಣೆಗೆ ಬಂದೆನೋ ಗುಡಿಗೆ ಬಂದೆನೋ ಎಂದು ನನಗೇ ತಿಳಿಯಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ಶನಿವಾರ ಸಿದ್ರಾಮ ಬಾಲಕ್ಕೆ ಒಂದು ಚೆಂಡುಹೂವು ಸಿಕ್ಕಿಸುತ್ತಿದ್ದ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ವಿದ್ಯಾರ್ಥಿಗಳು ಸಾಲಾಗಿ ಬಂದು ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಪ್ಪೆ ಕೊಯ್ಯುವಾಗ ನರ ಹರಿಯಬಾರದು, ಸ್ಲೈಡು ಗುರುತು ಸಿಗಬೇಕು, ಹೊರಗಿನಿಂದ ಬಂದ ಪರೀಕ್ಷಕರು ಸಿಟ್ಟಿನವರಾಗಿರಬಾರದು, ಹೀಗೆ ನನ್ನ ಬಾಲದ ಮುಂದೆ ಬೇಡಿಕೆಗಳು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಮೈಕ್ರೋಸ್ಕೋಪಿಗೆ ಒಂದು ಬೊಟ್ಟು, ನನ್ನ ಬಾಲಕ್ಕೆ ಒಂದು ಹಾರ. ನನ್ನ ಮುಖ ಯಾರೂ ನೋಡುತ್ತಿರಲಿಲ್ಲ. ಪಾಸಾದವರು ಬಾಲದ ಮಹಿಮೆ ಎಂದರು, ನಪಾಸಾದವರು ಸರಿಯಾಗಿ ಮುಟ್ಟಲಿಲ್ಲ ಎಂದರು. ಬಾಲಕ್ಕೆ ಎರಡೂ ಕಡೆ ಲಾಭ.

ಅಂಕಲಗಿ ಸರ್ ಕ್ರಮೇಣ ವಿಭಾಗದ ಮುಖ್ಯಸ್ಥರಾದರು. ಅವರು ಕೆಟ್ಟವರಲ್ಲ, ಸಿಟ್ಟು ಮಾಡುವವರೂ ಅಲ್ಲ. ಕೈಯಲ್ಲಿ ಬೆತ್ತ ಹಿಡಿದು ನನ್ನ ಮುಂದೆ ನಿಂತರೆ ಮಾತ್ರ ಪುರಾಣಿಕರಾಗುತ್ತಿದ್ದರು. ಅವರ ವಾದ ಇದು: ಬಹಳ ಹಿಂದೆ ಕಾಡು ತೆಳುವಾಗಿ ಹುಲ್ಲುಗಾವಲು ಹಬ್ಬಿತು. ಮರದಿಂದ ಇಳಿದ ಹಿರಿಯರು ಎತ್ತರದ ಹುಲ್ಲಿನ ಆಚೆ ಏನಿದೆ ಎಂದು ನೋಡಲು ಎದ್ದು ನಿಂತರು. ನಿಂತವರಿಗೆ ಬಾಲ ಭಾರವಾಯಿತು, ಮುಳ್ಳಿಗೆ ಸಿಕ್ಕಿತು, ಹುಲಿಯ ಬಾಯಿಗೆ ಹಿಡಿಕೆಯಾಯಿತು. ತಲೆಮಾರಿನಿಂದ ತಲೆಮಾರಿಗೆ ಸಣ್ಣದಾಗುತ್ತ ಕೊನೆಗೆ ಹೋಯಿತು. ಮೊದಲು ನಿಲುವು, ಆಮೇಲೆ ಬಾಲದ ನಾಶ. ಇಷ್ಟು ಹೇಳಿ ಬೆತ್ತವನ್ನು ನನ್ನ ಕಡೆ ತಿರುಗಿಸಿ, ನೋಡಿರಿ ಇದು ನಡುವಿನದು, ಎದ್ದು ನಿಂತಿದೆ, ಬಾಲ ಇನ್ನೂ ಬಿಟ್ಟಿಲ್ಲ ಎನ್ನುತ್ತಿದ್ದರು. ಅಸ್ಸಾಮಿನ ಕಡೆಯ ಅಪರೂಪದ ಜಾತಿ ಎಂದು ನನ್ನ ಬುಡದಲ್ಲಿ ಚೀಟಿಯನ್ನೂ ಅಂಟಿಸಿದ್ದರು.

ನನಗೆ ನಗು ಬರುತ್ತಿತ್ತು. ನಾನು ನಿಂತದ್ದು ಹುಲ್ಲಿನಾಚೆ ನೋಡಲಿಕ್ಕಲ್ಲ. ದಸ್ತಗೀರ ನನ್ನ ಬೆನ್ನಿನೊಳಗೆ ಕಬ್ಬಿಣದ ಸರಳು ತೂರಿಸಿದ್ದ, ಅದಕ್ಕೇ ನಿಂತಿದ್ದೆ. ಸರಳು ತೆಗೆದರೆ ಅಂಕಲಗಿ ಸರ್ ಅವರ ಸಿದ್ಧಾಂತವೂ ನಾನೂ ಒಟ್ಟಿಗೆ ಕುಸಿಯುತ್ತಿದ್ದೆವು. ಆದರೆ ಬಾಲದ ವಿಷಯದಲ್ಲಿ ನಗು ಬರುತ್ತಿರಲಿಲ್ಲ. ಅಷ್ಟು ಓದಿದವರು ಇದು ನನ್ನದೇ ಎಂದರೆ ನನ್ನದೇ ಇರಬೇಕಲ್ಲ. ಅವರ ಮಾತಿನ ಧೈರ್ಯದ ಮೇಲೆ ನಾನೂ ಅದನ್ನು ನನ್ನದೆಂದು ಒಪ್ಪಿಕೊಳ್ಳಲು ನೋಡಿದೆ. ಆಗಲಿಲ್ಲ.

ಹೀಗಿರುವಾಗ ನೀಲಾಂಬಿಕಾ ಕುಂದರಗಿ ಎಂಬ ಹೊಸ ಲೆಕ್ಚರರ್ ಬಂದರು. ಸದ್ಯಕ್ಕೆ ತಾತ್ಕಾಲಿಕ ಕೆಲಸ, ಮುಖ್ಯಸ್ಥರು ಶಿಫಾರಸು ಮಾಡಿದರೆ ಆಡಳಿತ ಮಂಡಳಿ ಕಾಯಂ ಮಾಡುತ್ತದೆ. ಆ ಕಾಯಂ ಕೆಲಸ ಅವರಿಗೆ ಯಾಕೆ ಬೇಕಾಗಿತ್ತೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ತಾಯಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು. ಕಾಲೇಜಿನ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಮಧ್ಯಾಹ್ನ ಬೆಲ್ಲು ಹೊಡೆದ ಕೂಡಲೇ ನೀಲಾಂಬಿಕಾ ಓಡಿ ಹೋಗಿ ತಾಯಿಗೆ ಉಣ್ಣಿಸಿ ಬರುತ್ತಿದ್ದರು. ಬೇರೆ ಯಾರು ತುತ್ತು ಹಿಡಿದರೂ ಆ ತಾಯಿ ಬಾಯಿ ತೆರೆಯುತ್ತಿರಲಿಲ್ಲವಂತೆ. ಬೇರೆ ಊರಿನ ಕೆಲಸವಾದರೆ ಅದು ಆಗದ ಮಾತು.

ಮೊದಲನೇ ದಿನವೇ ಅವರು ನನ್ನ ಮುಂದೆ ಬಹಳ ಹೊತ್ತು ನಿಂತರು. ಬಾಲ ಮುಟ್ಟಲಿಲ್ಲ. ನನ್ನ ತೋಳು ನೋಡಿದರು, ಹೆಗಲಿನ ಕೀಲು ನೋಡಿದರು, ಆಮೇಲೆ ಬಾಲವನ್ನು ಓರೆಗಣ್ಣಿನಿಂದ ನೋಡಿದರು. ಆ ನೋಟ ನನಗೆ ಪರಿಚಯದ್ದು, ನನ್ನದೇ ನೋಟ. ಅಷ್ಟು ವರ್ಷದಲ್ಲಿ ನನ್ನ ಜಾತಿಯವರು ಒಬ್ಬರು ಸಿಕ್ಕರು ಎಂದು ಸಂತೋಷವಾಯಿತು, ಮರುಗಳಿಗೆಯೇ ಇವರಿಗೂ ತಮ್ಮದೇ ಒಂದು ವಾದ ಇರುತ್ತದೆ, ಅದಕ್ಕೆ ನನ್ನನ್ನು ಗೂಟ ಮಾಡಿಕೊಳ್ಳುತ್ತಾರೆ ಎಂದು ಹುಷಾರಾದೆ.

ಅವರ ಪಾಠ ಬೇರೆ ಬಗೆಯದು. ಬಾಲ ಹೇಗೆ ಹೋಯಿತೆಂಬುದಕ್ಕೆ ಹಲವು ವಿಚಾರಗಳಿವೆ ಎಂದು ಹೇಳುತ್ತಿದ್ದರು. ಕೊಂಬೆಗೆ ಜೋತುಬಿದ್ದು ತೂಗಾಡುವವರಿಗೆ ಮೈ ನೆಟ್ಟಗಾಯಿತು, ಬಾಲದ ಕೆಲಸ ಉಳಿಯಲಿಲ್ಲ ಎನ್ನುವವರಿದ್ದಾರೆ. ಮೈ ನೆಟ್ಟಗಾದಾಗ ಹೊಟ್ಟೆಯೊಳಗಿನದೆಲ್ಲ ಕೆಳಗೆ ಜಾರದಂತೆ ತಡೆಯಲು ಬಾಲ ಆಡಿಸುವ ಸ್ನಾಯುಗಳೇ ತಳವಾದವು ಎನ್ನುವವರಿದ್ದಾರೆ. ಹಾಗೇನಿಲ್ಲ, ವಂಶವಾಹಿಯ ಒಂದು ಸಣ್ಣ ತುಣುಕು ಎಲ್ಲಿಂದಲೋ ಬಂದು ಇನ್ನೊಂದರ ನಡುವೆ ಸೇರಿಕೊಂಡಿತು, ಬಾಲ ಮೂಡುವುದು ನಿಂತಿತು, ಲಾಭವೋ ನಷ್ಟವೋ ಆಮೇಲಿನ ಮಾತು ಎನ್ನುವವರೂ ಇದ್ದಾರೆ. ನಡಿಗೆಯ ಬಗ್ಗೆಯೂ ಅಷ್ಟೇ. ನೆಲಕ್ಕಿಳಿದ ಮೇಲೆ ಎದ್ದರೋ, ಮರದ ಮೇಲೇ ಮೇಲಿನ ಕೊಂಬೆ ಹಿಡಿದು ಎರಡು ಕಾಲಿನಲ್ಲಿ ನಡೆಯಲು ಕಲಿತರೋ, ಕೈಯಲ್ಲಿ ತಿನಿಸು ಹೊತ್ತೊಯ್ಯಲು ಎದ್ದರೋ, ಜಗಳ ಮುಗಿದಿಲ್ಲ. ಒಂದು ಮಾತು ಮಾತ್ರ ಹಳೆಯ ಎಲುಬುಗಳು ಹೇಳುತ್ತವೆ: ಬಾಲ ಹೋಗಿ ಎಷ್ಟೋ ಕಾಲವಾದ ಮೇಲೆಯೇ ನೆಲದ ಮೇಲಿನ ನಡಿಗೆ ಬಂದದ್ದು. ಅಂಕಲಗಿ ಸರ್ ಹೇಳಿದ್ದಕ್ಕೆ ಇದು ಸರಿ ಉಲ್ಟಾ. ಉಳಿದ ಯಾವುದನ್ನೂ ನೀಲಾಂಬಿಕಾ ಇದೇ ಖರೆ ಎನ್ನಲಿಲ್ಲ. ವಿದ್ಯಾರ್ಥಿಗಳಿಗೆ ಬೇಸರವಾಯಿತು, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಎಂದು ಕೇಳಿದರು. ನನಗೆ ಮಾತ್ರ ಅವರ ಮೇಲೆ ಸ್ವಲ್ಪ ನಂಬಿಕೆ ಬಂತು. ಹೆಚ್ಚಲ್ಲ, ಸ್ವಲ್ಪ.

ಕಾಲೇಜಿನ ಗುಣಮಟ್ಟ ನೋಡಲು ಕಮಿಟಿ ಬರುತ್ತದೆ ಎಂದು ಸುದ್ದಿಯಾದಾಗ ನನ್ನ ಧೂಳು ಒರೆಸುವ ಕೆಲಸ ನೀಲಾಂಬಿಕಾ ಅವರಿಗೆ ಬಂತು. ಒರೆಸುತ್ತ ಒರೆಸುತ್ತ ಬಾಲದ ಬುಡದಲ್ಲಿ ಗಟ್ಟಿಯಾಗಿದ್ದ ಕುಂಕುಮ ಎಣ್ಣೆಯ ಪದರ ಕೆರೆದರು. ಕೆಳಗೆ ದಪ್ಪ ತಂತಿ ಕಂಡಿತು. ತಂತಿ ಸಡಿಲಿಸಿ ಬಾಲವನ್ನು ಮೇಜಿನ ಮೇಲೆ ಇಟ್ಟು, ಭೂತಗನ್ನಡಿ ಹಿಡಿದು ನನ್ನ ಬೆನ್ನಿನ ತುದಿ ನೋಡಿದರು. ಅಲ್ಲಿ ಗರಗಸದ ಗೆರೆಗಳಿದ್ದವು.

ಬಾಲವಿಲ್ಲದವರಿಗೂ ಬೆನ್ನಿನ ತುದಿಯಲ್ಲಿ ಒಂದಿಷ್ಟು ಪುಟ್ಟ ಮಣಿಯೆಲುಬು ಇರುತ್ತದೆ, ನಿಮಗೂ ಇದೆ. ನನ್ನದನ್ನು ದಸ್ತಗೀರ ಕೊಯ್ದು ಎಸೆದು ಆ ಜಾಗದಲ್ಲಿ ಮುಸ್ಯಾದ ಬಾಲ ಕೂರಿಸಿದ್ದ. ಮುಸ್ಯಾ ಅಂದರೆ ಊರೆಲ್ಲ ಅಲೆಯುವ ಆ ಕರಿಮುಖದ ಉದ್ದ ಬಾಲದ ಮಂಗ. ಬಾಲವಿಲ್ಲದ ಮಂಗ್ಯಾನನ್ನು ಯಾವ ಕಾಲೇಜು ಕೊಳ್ಳುತ್ತದೆ ಎಂದು ಸವದತ್ತಿಕರ ಅವರು ತಿಳಿದಿರಬೇಕು. ಎಲ್ಲೋ ಮುರಿದುಹೋಗಿದೆ, ಪೂರ್ತಿ ಮಾಡು ಎಂದಿರಬೇಕು. ಬಾಲ ಪರರದು ಎಂದು ತಿಳಿದಾಗ ನನಗೆ ದುಃಖವಾಗಲಿಲ್ಲ, ಅದು ಹಳೇ ಅನುಮಾನ. ನನ್ನದೇ ಎಂಬ ಆ ಚೂರು ಎಲುಬು ಹುಬ್ಬಳ್ಳಿಯ ಯಾವುದೋ ಗಟಾರಕ್ಕೆ ಬಿದ್ದುಹೋಯಿತಲ್ಲ ಎಂದು ಅತ್ತೆ. ಎಲುಬು ಅಳುವುದು ನಿಮಗೆ ಕಾಣುವುದಿಲ್ಲ.

ನೀಲಾಂಬಿಕಾ ಅಂಕಲಗಿ ಸರ್ ಅವರನ್ನು ಕರೆದು ತೋರಿಸಿದರು. ಅವರು ಭೂತಗನ್ನಡಿಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತು, ಸದ್ಯ ಅದನ್ನು ಮತ್ತೆ ಕಟ್ಟಿಬಿಡಿ ಎಂದರು. ಕಮಿಟಿಯ ಮುಂದೆ ವಿಭಾಗದ ಮಾನ ಹೋಗಬಾರದು, ಕಮಿಟಿ ಹೋದ ಮೇಲೆ ನಿಧಾನಕ್ಕೆ ವಿಚಾರ ಮಾಡೋಣ ಎಂದರು. ಆಮೇಲೆ ಮೆಲ್ಲಗೆ, "ನಿಮ್ಮ ಶಿಫಾರಸು ಪತ್ರಾನೂ ಈ ವಾರನ ಬರೀಬೇಕಾಗೇತಿ" ಎಂದರು. ಬೆದರಿಕೆಯ ದನಿಯಲ್ಲ, ಬಹಳ ಮೃದುವಾದ ದನಿ. ನನಗೆ ಮೃದು ದನಿಯೆಂದರೇ ಭಯ.

ನೀಲಾಂಬಿಕಾ ಬಾಲ ಕಟ್ಟಿದರು. ಇಷ್ಟೇ ಏನು ಇವರೂ ಎಂದು ನನಗೆ ಸಿಟ್ಟು ಬಂತು. ಮಧ್ಯಾಹ್ನದ ಬೆಲ್ಲು ಹೊಡೆಯಿತು, ಅವರು ಎಂದಿನಂತೆ ಮನೆಗೆ ಓಡಿದರು. ಆಗ ಸಿಟ್ಟು ಇಳಿಯಿತು. ನನ್ನ ಬಾಲ ದೊಡ್ಡದೋ ಅವರ ತಾಯಿಯ ತುತ್ತು ದೊಡ್ಡದೋ, ನೀವೇ ಹೇಳಿ.

ಕಮಿಟಿ ಬಂತು. ಅದರಲ್ಲಿ ಮೈಸೂರು ಕಡೆಯ ಶ್ರೀಕಂಠಯ್ಯ ಎಂಬ ಹಿರಿಯ ಪ್ರೊಫೆಸರ್ ಇದ್ದರು. ಅಂಕಲಗಿ ಸರ್ ಬೆತ್ತ ಹಿಡಿದು ತಮ್ಮ ಪುರಾಣ ಹೇಳಿದರು. ಹುಲ್ಲುಗಾವಲು ಬಂತು, ಹುಲಿ ಬಂತು, ಕೊನೆಗೆ ಬೆತ್ತದ ತುದಿ ನನ್ನ ಬಾಲಕ್ಕೆ ಬಂತು. ಶ್ರೀಕಂಠಯ್ಯನವರು ಕನ್ನಡಕ ಏರಿಸಿ ಬಾಲವನ್ನೇ ನೋಡಿದರು. ಅವರು ಅಂಕಲಗಿಯವರನ್ನು ಕೇಳಲಿಲ್ಲ. ಹಿಂದೆ ನಿಂತಿದ್ದ ನೀಲಾಂಬಿಕಾ ಕಡೆ ತಿರುಗಿ, "ಈ ಬಾಲ ಇದರದೇ ಏನಮ್ಮಾ?" ಎಂದರು.

ಹೌದು ಎಂದರೆ ಮುಗಿಯಿತು. ನಾನೂ ಮನಸ್ಸಿನಲ್ಲಿ ಹೌದೆನ್ನು ತಾಯಿ, ನನಗಾಗಿ ಕೆಡಬೇಡ ಎಂದುಕೊಂಡೆ. ಅಷ್ಟು ಹೊತ್ತಿನ ಮಟ್ಟಿಗೆ ನನಗೂ ಸುಳ್ಳು ಬೇಕಾಗಿತ್ತು.

"ಅಲ್ಲರಿ ಸರ್. ಮುಸ್ಯಾದ್ದು" ಎಂದರು ನೀಲಾಂಬಿಕಾ.

ತಂತಿ ಬಿಚ್ಚಿ ಗರಗಸದ ಗೆರೆಗಳನ್ನೂ ತೋರಿಸಿದರು. ಎಲ್ಲರೂ ಅಂಕಲಗಿಯವರ ಮುಖ ನೋಡಿದರು. ಅವರು ಮುಖ ಒರೆಸಿಕೊಂಡು, ನೀರು ಕುಡಿದು, ಅದೇ ಬೆತ್ತವನ್ನು ಮತ್ತೆ ಎತ್ತಿದರು. ಹಾಗಾದರೆ ಇನ್ನೂ ಒಳ್ಳೆಯದಾಯಿತು ಎಂದರು. ಎದ್ದು ನಿಂತಿದೆ, ಬಾಲವೂ ಇಲ್ಲ. ನಿಂತದ್ದರಿಂದಲೇ ಬಾಲ ಹೋಯಿತು ಎಂಬ ತಮ್ಮ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ನಾನು ಬೆರಗಾದೆ. ಬಾಲ ಇದ್ದಾಗಲೂ ನಾನೇ ಸಾಕ್ಷಿ, ಬಾಲ ಬಿದ್ದಾಗಲೂ ನಾನೇ ಸಾಕ್ಷಿ. ಕೋರ್ಟಿನಲ್ಲಿ ಇಂಥ ಸಾಕ್ಷಿಯನ್ನು ಒದ್ದು ಓಡಿಸುತ್ತಾರೆ. ಶ್ರೀಕಂಠಯ್ಯನವರಾದರೂ ನಗಬಹುದೆಂದು ಕಾದೆ. ಅವರು ನನ್ನ ಉದ್ದ ತೋಳು ಹಿಡಿದು, ಇಲ್ಲ ಇಲ್ಲ, ಇದು ತೂಗಾಡುವವರ ವಾದಕ್ಕೆ ಸಾಕ್ಷಿ ಎಂದು ಶುರು ಮಾಡಿದರು. ಇಬ್ಬರೂ ವಾದ ಮಾಡುತ್ತ, ಖುಷಿಯಾಗಿ, ಚಹಾ ಕುಡಿಯಲು ಹೋದರು. ನೀಲಾಂಬಿಕಾ ಅವರನ್ನು ಯಾರೂ ಕರೆಯಲಿಲ್ಲ. ಅವರು ಬಿಚ್ಚಿದ ತಂತಿ ಸುತ್ತಿಡುತ್ತ ನನ್ನ ಹತ್ತಿರವೇ ಉಳಿದರು.

ಆಡಳಿತ ಮಂಡಳಿಯ ಸಭೆಯಲ್ಲಿ ನಡೆದದ್ದು ನನಗೆ ಸಿದ್ರಾಮನಿಂದ ತಿಳಿಯಿತು. ಚಹಾ ಕೊಡಲು ಹೋದವನು ಕೇಳಿಸಿಕೊಂಡು ಬಂದಿದ್ದ. ಈ ಹುಡುಗಿ ಹೇಗೆ ಎಂದು ಅಧ್ಯಕ್ಷರು ಕೇಳಿದರಂತೆ. ಕಮಿಟಿಯ ಮುಂದೆ ವಿಭಾಗದ ಮಾನ ತೆಗೆದಳಂತಲ್ಲ ಎಂದು ಯಾರೋ ಅಂದರಂತೆ. ಅಂಕಲಗಿ ಸರ್ ಕೆಟ್ಟ ಮಾತೇನೂ ಆಡಲಿಲ್ಲವಂತೆ, ಒಳ್ಳೆಯದನ್ನೂ ಆಡಲಿಲ್ಲವಂತೆ. ಆ ವರ್ಷದ ಕೊನೆಗೆ ಬೇರೆ ಯಾರದೋ ಹೆಸರಿಗೆ ಕಾಯಂ ಕೆಲಸದ ಆರ್ಡರ್ ಬಂತು. ನೀಲಾಂಬಿಕಾ ಕಲಬುರಗಿಯ ಕಡೆ ಒಂದು ಕೆಲಸ ಹಿಡಿದು ಹೋದರು. ತಾಯಿಯನ್ನು ಸಾಂಗಲಿಯಲ್ಲಿದ್ದ ಅಣ್ಣನ ಮನೆಗೆ ಕಳಿಸಿದರಂತೆ.

ನನ್ನ ದೆಸೆಯೂ ತಿರುಗಿತು. ಬಾಲವಿಲ್ಲದ ನನ್ನನ್ನು ನೋಡಿ ಸಿದ್ರಾಮನಿಗೆ ಕಸಿವಿಸಿ. ಭಗ್ನವಾದ ಮೂರ್ತಿ ಮನೆಯಲ್ಲಿಡಬಾರದು ಎಂದು ನನ್ನನ್ನು ಮುರಿದ ಸ್ಟೂಲುಗಳ ಜೊತೆ ಸ್ಟೋರ್ ರೂಮಿಗೆ ಸಾಗಿಸಿದ. ಬಾಲವನ್ನು ಮಾತ್ರ ಪ್ರಯೋಗಶಾಲೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಶನಿವಾರದ ಚೆಂಡುಹೂವು ಈಗಲೂ ಅದಕ್ಕೇ. ಪರೀಕ್ಷೆಯ ದಿನ ಮುಟ್ಟುವುದೂ ಅದನ್ನೇ. ಅಂದರೆ ಇಷ್ಟು ವರ್ಷ ಆ ಬಾಲಕ್ಕೆ ನಾನು ಬರೀ ಸ್ಟ್ಯಾಂಡು.

ಎಷ್ಟೋ ವರ್ಷವಾದ ಮೇಲೆ ಒಂದು ಮಧ್ಯಾಹ್ನ ಸ್ಟೋರಿನ ಬಾಗಿಲು ತೆರೆಯಿತು. ಬಂದವರು ನೀಲಾಂಬಿಕಾ. ಈಗ ಅವರೇ ಹೊರಗಿನ ಪರೀಕ್ಷಕರಾಗಿ ಬಂದಿದ್ದರು, ತಲೆಯಲ್ಲಿ ನರೆ. ಹಿಂದೆಯೇ ಅಂಕಲಗಿ ಸರ್. ಅದು ಅವರ ನಿವೃತ್ತಿಯ ವರ್ಷ. ನೀಲಾಂಬಿಕಾ ಸೆರಗಿನಿಂದ ನನ್ನ ಹಣೆಯ ಧೂಳು ಒರೆಸಿದರು. ಅಂಕಲಗಿ ಸರ್ ನನ್ನ ಬೆನ್ನಿನ ತುದಿಯ ಗರಗಸದ ಗುರುತಿನ ಮೇಲೆ ಬೆರಳಿಟ್ಟರು.

"ನನಗ ಮೊದಲನೇ ದಿನಾನ ಗೊತ್ತಿತ್ತು, ನೀಲಾಂಬಿಕಾ" ಎಂದರು.

ಪೆಟ್ಟಿಗೆ ಬಿಚ್ಚಿದಾಗಲೇ ತೋಳು ನೋಡಿ ಇದು ಗಿಬ್ಬನ್, ಬಾಲ ಇದರದಲ್ಲ ಎಂದು ತಿಳಿಯಿತಂತೆ. ಹೇಳಬೇಕೆಂದು ತಿರುಗುವಷ್ಟರಲ್ಲಿ ತೆಂಗಿನಕಾಯಿ ಒಡೆದಾಗಿತ್ತು. ಹೊಸ ಕೆಲಸ, ಪ್ರಿನ್ಸಿಪಾಲರು ಕೈಮುಗಿದು ನಿಂತಿದ್ದಾರೆ, ನಾಲ್ಕು ದಿನ ಕಳೆದ ಮೇಲೆ ಹೇಳೋಣ ಎಂದು ಬಿಟ್ಟರಂತೆ. "ಹುಡುಗರು ಕೇಳಾವ್ರು, ಇದು ಹಿಂಗ ನಿಂತೈತಿ, ಮತ್ತ ಬಾಲ ಯಾಕೈತಿ ಅಂತ. ಏನರೆ ಹೇಳಬೇಕಾತು, ಹೇಳಿದೆ. ವರ್ಷಾ ವರ್ಷಾ ಹೇಳಿ ನನಗೂ ಅದ ಖರೇ ಅನಸಾಕ ಹತ್ತಿತು."

ನಾನು ತಬ್ಬಿಬ್ಬಾದೆ. ಅಂಗಡಿಯವರನ್ನು ಅನುಮಾನಿಸಿದ್ದೆ, ದಸ್ತಗೀರನನ್ನು ಅನುಮಾನಿಸಿದ್ದೆ, ಬಾಲವನ್ನು, ಸಿದ್ಧಾಂತಗಳನ್ನು, ನೀಲಾಂಬಿಕಾ ಅವರನ್ನೂ ಬಿಟ್ಟಿರಲಿಲ್ಲ. ಅಂಕಲಗಿ ಸರ್ ಮಾತ್ರ ತಪ್ಪು ತಿಳಿದವರು, ಪಾಪ, ಮೋಸಹೋದವರು ಎಂದೇ ನಂಬಿದ್ದೆ. ನನ್ನ ಬದುಕಿನಲ್ಲಿ ನಾನು ಅನುಮಾನಿಸದೆ ಬಿಟ್ಟದ್ದು ಅವರೊಬ್ಬರನ್ನೇ.

ನೀಲಾಂಬಿಕಾ ದನಿ ಏರಿಸಲಿಲ್ಲ. "ನಮ್ಮವ್ವ ಅಣ್ಣನ ಮನ್ಯಾಗ ತೀರಿಕೊಂಡ್ಲರಿ ಸರ್. ಯಾರ ಕೈಲೂ ಉಣ್ಣಲಿಲ್ಲಂತ. ಕಮಿಟಿ ಮುಂದ ಈ ಒಂದ ಮಾತು ನೀವು ಹೇಳಿದ್ರ, ಅಕಿ ನನ್ನ ಕೈತುತ್ತು ಉಂಡು ಹೋಗತಿದ್ಲು" ಎಂದರು. ಅಂಕಲಗಿಯವರಿಗೆ ನಮಸ್ಕಾರ ಮಾಡಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರು ಹೋದ ಮೇಲೂ ಆ ಮುದುಕರು ಒಂದು ಮುರುಕು ಸ್ಟೂಲಿನ ಮೇಲೆ ಕೂತೇ ಇದ್ದರು.

ಈಗ ಸ್ಟೋರಿಗೆ ಯಾರೂ ಬರುವುದಿಲ್ಲ. ತಂತಿಗೆ ತುಕ್ಕು ಹಿಡಿದು ಎಡಗೈಯ ಬೆರಳುಗಳು ಉದುರಿವೆ, ಬೆನ್ನಿನ ಸರಳು ಇನ್ನೂ ಗಟ್ಟಿಯಿದೆ, ಅದಕ್ಕೇ ನಿಂತಿದ್ದೇನೆ. ನಮ್ಮ ಮನೆತನದವರ ಬಾಲ ಹೇಗೆ ಹೋಯಿತು ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತು ಎನ್ನುವವರನ್ನು ಇಂದಿಗೂ ನಂಬುವುದಿಲ್ಲ. ಆದರೆ ಬಾಲ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಗೊತ್ತಿದ್ದವನು ಒಂದು ದಿನ ಬಾಯಿ ಮುಚ್ಚಿಕೊಂಡರೆ ಸಾಕು.